ಹಬ್ಬದ ಚಿತ್ರಪುಸ್ತಕ ಓದಿದ ಮೇಲೆ ಮಗಳು ಹೀಗೆ ಮಾಡಿದಳು. ನೀವು ಮಕ್ಕಳಿಗೆ ಹೇಗೆ ಓದಿ ಹೇಳ್ತೀರಿ?

ಸಕ್ಕರೆಅಚ್ಚು, ಮೈಸೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನನ್ನ ಮಗಳಿಗೆ ಐದೂವರೆ ವರ್ಷ. ಸಂಕ್ರಾಂತಿಗೆ ಮೊದಲು ನಮ್ಮ ಬಡಾವಣೆಯ ಗ್ರಂಥಾಲಯದಿಂದ ನಾಲ್ಕು ಚಿತ್ರಪುಸ್ತಕ ತಂದೆ. ನಾಲ್ಕೂ ಹಬ್ಬದ ಕಥೆಗಳೇ. ಮಕ್ಕಳಿಗೆ ಹಂಚಿ ತಿನ್ನೋದು, ಬೇರೆಯವರ ಕಷ್ಟ ನೋಡಿ ಕರಗೋದು ಇವೆಲ್ಲ ಕಥೆಯಿಂದ ಬರುತ್ತೆ ಅಂತ ನನ್ನ ನಂಬಿಕೆ. ಅದರಲ್ಲೊಂದು ಅವಳಿಗೆ ತುಂಬಾ ಇಷ್ಟವಾಯಿತು. ದೀಪಾವಳಿಗೆ ಹೊಸ ಲಂಗ ಹೊಲಿಸಿಕೊಂಡ ಹುಡುಗಿ, ಬೀದಿಯಲ್ಲಿ ನಿಂತ ಬಡ ಹುಡುಗಿಗೆ ಅದನ್ನು ಕೊಡುತ್ತಾಳೆ. ಎಲ್ಲರೂ ಅವಳನ್ನು ಹೊಗಳುತ್ತಾರೆ. ರಾತ್ರಿ ದೀಪ ಹಚ್ಚುತ್ತಾರೆ. ಇಷ್ಟೇ ಕಥೆ. ಆರೇಳು ಸಲ ಓದಿಸಿಕೊಂಡಳು.

ಸಂಕ್ರಾಂತಿ ಸಂಜೆ ಎಳ್ಳು ಬೀರಲು ಹೊರಟೆವು. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಆ ಹೊತ್ತಿಗೆ ತಮ್ಮ ಮಗಳನ್ನೂ ಕರೆದುಕೊಂಡು ಬಂದಿದ್ದರು. ಆ ಹುಡುಗಿಗೂ ಇವಳದೇ ವಯಸ್ಸು. ನನ್ನ ಮಗಳು ಒಳಗೆ ಓಡಿಹೋಗಿ ಕೈ ಮುರಿದ ಒಂದು ಬೊಂಬೆ ತಂದಳು. ಆ ಹುಡುಗಿಯ ಮುಂದೆ ಹಿಡಿದು "ತಗೋ, ನೀನು ಬಡವಳಲ್ವಾ, ಇದು ನಿನಗೆ" ಅಂದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ಹೊಗಳುತ್ತೇನೆ ಅಂತ ಕಾಯುತ್ತಿದ್ದಳು.

ಆ ಹುಡುಗಿ ಬೊಂಬೆಯನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು ಅಮ್ಮನ ಹಿಂದೆ ಹೋಗಿ ನಿಂತಳು. ಅಕ್ಕ ಏನೂ ಅನ್ನಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಗಳು ಮಾಡಿದ್ದು ಪುಸ್ತಕದಲ್ಲಿದ್ದದ್ದೇ. ಹಾಗಾದರೆ ತಪ್ಪಿದ್ದೆಲ್ಲಿ? ಮಕ್ಕಳಿಗೆ ಇಂಥ ಪುಸ್ತಕ ಓದಬಾರದೋ, ಓದುವ ರೀತಿ ಬೇರೆಯೋ? ಅನುಭವ ಇರುವವರು ಹೇಳಿ.

ಹೊಳೆದಂಡೆ, ತೀರ್ಥಹಳ್ಳಿ

ಮೊದಲು ಮಗಳನ್ನು ಬೈಯಬೇಡಿ. ಅವಳ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ.

ಎರಡುಮಕ್ಕಳತಂದೆ, ತುಮಕೂರು

ನನ್ನ ಮಾತು ಒರಟು ಅನ್ನಿಸಬಹುದು, ಬೇಸರ ಮಾಡಿಕೊಳ್ಳಬೇಡಿ. ನಾವ್ಯಾರೂ ಚಿತ್ರಪುಸ್ತಕ ಓದಿ ಬೆಳೆದವರಲ್ಲ. ನಮ್ಮಮ್ಮ ಹಬ್ಬದ ದಿನ ಒಬ್ಬಟ್ಟು ಮಾಡಿದರೆ ಮೊದಲು ಪಕ್ಕದ ಮನೆಗೆ ಕಳಿಸುತ್ತಿದ್ದರು. ತೆಗೆದುಕೊಂಡು ಹೋಗುತ್ತಿದ್ದವನು ನಾನೇ. ಬರುವಾಗ ಡಬ್ಬಿ ಖಾಲಿ ಇರುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಿದ್ದರು. ಇದನ್ನು ನನಗೆ ಯಾರೂ ಕೂರಿಸಿ ಕಲಿಸಲಿಲ್ಲ, ದಿನಾ ನೋಡಿದೆ ಅಷ್ಟೇ. ಮಕ್ಕಳು ಕಣ್ಣಿಂದ ಕಲಿಯುತ್ತಾರೆ. ಮನೆಯಲ್ಲಿ ಇಲ್ಲದ್ದನ್ನು ಪುಸ್ತಕ ತಂದುಕೊಡಲಾರದು.

ಮೇಷ್ಟ್ರು, ಗದಗ ಜಿಲ್ಲೆ

ಅಕ್ಕಾ, ನಾನು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿಯ ಶಿಕ್ಷಕ. ಒಂದರಿಂದ ಮೂರನೇ ತರಗತಿ ಮಕ್ಕಳು ನನ್ನ ಹತ್ತಿರ ಒಟ್ಟಿಗೆ ಕೂರುತ್ತಾರೆ. ನೀವು ಹೇಳಿದಂಥ ಕಥೆಗಳನ್ನು ನಾನೂ ಓದಿ ಹೇಳಿದ್ದೇನೆ. ಒಂದು ಸಲ ಆದದ್ದನ್ನು ಇನ್ನೂ ಮರೆತಿಲ್ಲ.

ಕಥೆ ಹೆಚ್ಚುಕಡಿಮೆ ನಿಮ್ಮದರ ಹಾಗೇ ಇತ್ತು. ಪಟ್ಟಣದ ಹುಡುಗ ಹಬ್ಬಕ್ಕೆ ಹಳ್ಳಿಯ ಬಡ ಹುಡುಗನಿಗೆ ಬೂಟು ಕೊಡುತ್ತಾನೆ. ಓದಿ ಮುಗಿಸಿ ವಾಡಿಕೆಯಂತೆ "ಈ ಕಥೆಯೊಳಗ ನೀವು ಯಾರು?" ಅಂತ ಕೇಳಿದೆ. ನನ್ನ ಲೆಕ್ಕದಲ್ಲಿ ಎಲ್ಲರೂ ಕೊಡುವ ಹುಡುಗನ ಕಡೆ ಬೊಟ್ಟು ಮಾಡಬೇಕಿತ್ತು. ಎರಡನೇ ತರಗತಿಯ ಒಬ್ಬ ಎದ್ದುಬಂದು, ಚಿತ್ರದ ಮೂಲೆಯಲ್ಲಿ ಬರಿಗಾಲಲ್ಲಿ ನಿಂತವನನ್ನು ತೋರಿಸಿ "ನಾನು ಇವನರೀ" ಅಂದ. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಅಲ್ಲಿಗೇ ಬೊಟ್ಟಿಟ್ಟರು. ಇಡೀ ತರಗತಿಯಲ್ಲಿ ಕೊಡುವವನು ಒಬ್ಬನೂ ಇರಲಿಲ್ಲ. ತೆಗೆದುಕೊಳ್ಳುವ ಆ ಹುಡುಗನಿಗೆ ಪುಸ್ತಕದಲ್ಲಿ ಹೆಸರಿಲ್ಲ, ಮಾತಿಲ್ಲ, ತಲೆ ತಗ್ಗಿಸಿ ನಿಂತಿದ್ದಾನೆ. ನನ್ನ ಮಕ್ಕಳಿಗೆ ಆ ಕಥೆ ಕಲಿಸಿದ್ದು ದಯೆಯನ್ನಲ್ಲ, ತಲೆ ತಗ್ಗಿಸೋದನ್ನ.

ಅವತ್ತಿನಿಂದ ನಾನು ಪುಸ್ತಕ ಆರಿಸುವಾಗ ಒಂದೇ ಒಂದು ನೋಡುತ್ತೇನೆ. ತೆಗೆದುಕೊಳ್ಳುವವರಿಗೆ ಹೆಸರು ಇದೆಯಾ? ಅವರೂ ಏನಾದರೂ ಕೊಡುತ್ತಾರಾ?

ತುಮಕೂರಿನ ಅಣ್ಣನ ಡಬ್ಬಿಯ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ನಮ್ಮ ಕಡೆ ನಾಗರ ಪಂಚಮಿಗೆ ಮೊದಲು ರೊಟ್ಟಿ ಹಬ್ಬ ಮಾಡುತ್ತಾರೆ. ಕಟಿರೊಟ್ಟಿ ಬಡಿದು, ನಾನಾ ಥರದ ಚಟ್ನಿ, ಕಾಳುಪಲ್ಯ ಹಚ್ಚಿ ಮನೆಮನೆಗೆ ಬೀರುತ್ತಾರೆ. ನಿಮ್ಮ ಮನೆ ರೊಟ್ಟಿ ನಮಗೆ, ನಮ್ಮ ಮನೆ ರೊಟ್ಟಿ ನಿಮಗೆ. ಮಾಡಿದವರ ಬುಟ್ಟಿಯಲ್ಲಿ ಸಂಜೆಗೆ ಊರಿನ ರೊಟ್ಟಿ ಎಲ್ಲ ಇರುತ್ತದೆ, ತಮ್ಮದೊಂದು ಬಿಟ್ಟು. ಅಲ್ಲಿ ದಾನಿ ಯಾರು, ಬಡವ ಯಾರು ಹೇಳಿ? ಎಳ್ಳು ಬೀರೋದೂ ಹಾಗೇ ಅಲ್ವಾ ಅಕ್ಕ? ನೀವು ಎಳ್ಳು ಕೊಟ್ಟ ಮನೆಯವರು ನಿಮಗೂ ಎಳ್ಳು ಕೊಟ್ಟೇ ಕಳಿಸುತ್ತಾರೆ.

ನಿಮ್ಮ ಮಗಳ ಕೈಯಲ್ಲಿ ಎಳ್ಳಿನ ಪೊಟ್ಟಣ ಇತ್ತು. ಅದನ್ನು ಕೊಡುವ ಬದಲು ಬೊಂಬೆ ತಂದಳು. ಅವಳ ಕೈಗೆ ಬಂದ ಪುಸ್ತಕ ಬೇರೆ ಥರದ್ದಿತ್ತು ಅಂತ ನನಗನ್ನಿಸುತ್ತದೆ.

ಸಕ್ಕರೆಅಚ್ಚು, ಮೈಸೂರು

ಮೇಷ್ಟ್ರೇ, ಎರಡು ಸಲ ಓದಿದೆ. ಕಣ್ಣು ತುಂಬಿ ಬಂತು. ಈಗ ಎದ್ದು ಹೋಗಿ ಪುಸ್ತಕ ತೆಗೆದು ನೋಡಿದೆ. ಆ ಹುಡುಗಿಗೆ ಹೆಸರಿಲ್ಲ. "ಬಡ ಹುಡುಗಿ" ಅಂತಲೇ ಕೊನೆಯ ತನಕ ಇದೆ. ಆರೇಳು ಸಲ ಓದಿ ಹೇಳಿದ ನನಗೆ ಇದು ಕಾಣಲೇ ಇಲ್ಲ.

ತುಮಕೂರಿನವರು ಹೇಳಿದ್ದೂ ಸರಿ. ರಾತ್ರಿಯೆಲ್ಲ ಯೋಚನೆ ಮಾಡಿದೆ. ಹಬ್ಬದ ಮರುದಿನ ಉಳಿದ ಅಡುಗೆಯನ್ನು ಅಕ್ಕನಿಗೆ ಕೊಡುತ್ತೇನೆ. ಹಳೆಯ ಸೀರೆ ಕೊಡುತ್ತೇನೆ. ಹಬ್ಬದ ದಿನ ಬಿಸಿಬಿಸಿಯದನ್ನು ತಟ್ಟೆಗೆ ಹಾಕಿ ಕೊಟ್ಟಿದ್ದು ನೆನಪಿಲ್ಲ. ಮಗಳು ಮುರಿದ ಬೊಂಬೆಯನ್ನೇ ಯಾಕೆ ಆರಿಸಿದಳು ಅನ್ನೋದಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲ. ಪುಸ್ತಕದ ಹುಡುಗಿ ಹೊಸ ಲಂಗ ಕೊಟ್ಟಿದ್ದಳು. ಹಳೆಯದನ್ನು ಕೊಡೋದನ್ನು ಮಗಳು ಕಲಿತದ್ದು ನನ್ನಿಂದ.

ಗುಮ್ಮಟನಗರಿ, ವಿಜಯಪುರ

ಇಷ್ಟು ನೇರವಾಗಿ ಬರೆದಿದ್ದೀರಿ ತಂಗಿ, ಖುಷಿಯಾಯಿತು. ನಮ್ಮಲ್ಲಿ ರಂಜಾನ್ ಮುಗಿದಾಗ ಈದ್ ನಮಾಜಿಗೆ ಹೋಗುವ ಮೊದಲೇ ಫಿತ್ರಾ, ಅಂದರೆ ಬಡವರಿಗೆ ಸಲ್ಲಬೇಕಾದ ದಾನ, ಕೊಟ್ಟುಬಿಡಬೇಕು. ಮನೆಯಲ್ಲಿ ಎಷ್ಟು ತಲೆ ಇದೆಯೋ ಅಷ್ಟು ಪಾಲು. ಮೊನ್ನೆ ಹುಟ್ಟಿದ ಕೂಸಿನ ಪಾಲೂ ಸೇರಬೇಕು. ಹಬ್ಬ ಮುಗಿದ ಮೇಲೆ ಕೊಟ್ಟರೆ ಅದು ಫಿತ್ರಾ ಅಲ್ಲ. ಯಾಕೆಂದರೆ ಎಲ್ಲರ ಮನೆಯಲ್ಲೂ ಅದೇ ದಿನ ಹಬ್ಬ ಆಗಬೇಕು.

ನಮ್ಮ ಅಮ್ಮೀ ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಯಾವಾಗಲೂ ಹೇಳುತ್ತಿದ್ದರು. ಮಕ್ಕಳ ಪುಸ್ತಕದಲ್ಲಿ ಕೊಟ್ಟವರಿಗೆ ಊರೆಲ್ಲ ಚಪ್ಪಾಳೆ ತಟ್ಟುವ ಚಿತ್ರ ಬಂದರೆ ನನಗೆ ಯಾಕೋ ಸರಿ ಅನ್ನಿಸುವುದಿಲ್ಲ. ನನ್ನ ಮೊಮ್ಮಗಳಿಗೆ ಓದಿ ಹೇಳುವಾಗ ಆ ಪುಟ ಬೇಗ ತಿರುಗಿಸುತ್ತೇನೆ.

ಮಕ್ಕಳಮಾತು, ಬೆಂಗಳೂರು

ನಾನು ಮಕ್ಕಳ ಆಪ್ತಸಮಾಲೋಚಕಿ. ಇಲ್ಲಿ ಬಂದ ಎರಡು ಮೂರು ಮಾತಿಗೆ ಸಂಶೋಧನೆಯ ಬೆಂಬಲವೂ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಚಪ್ಪಾಳೆಯ ವಿಷಯ. ವಾರ್ನೆಕೆನ್ ಮತ್ತು ಟೊಮಾಸೆಲೊ ಅನ್ನುವ ಇಬ್ಬರು 2008ರಲ್ಲಿ 20 ತಿಂಗಳ ಮಕ್ಕಳನ್ನು ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ದೊಡ್ಡವರ ಕೈಯಿಂದ ವಸ್ತು ಬಿದ್ದರೆ ಅಷ್ಟು ಚಿಕ್ಕ ಮಕ್ಕಳು ತಾವಾಗಿಯೇ ಎತ್ತಿಕೊಡುತ್ತವೆ. ಕೆಲವು ಮಕ್ಕಳಿಗೆ ಎತ್ತಿಕೊಟ್ಟಾಗಲೆಲ್ಲ ಬಹುಮಾನ ಕೊಟ್ಟರು. ಆಮೇಲೆ ಬಹುಮಾನ ನಿಲ್ಲಿಸಿದಾಗ ಆ ಮಕ್ಕಳು ಎತ್ತಿಕೊಡುವುದು ಕಡಿಮೆಯಾಯಿತು. ಏನೂ ಕೊಡದೆ ಬಿಟ್ಟ ಮಕ್ಕಳು ಮೊದಲಿನಂತೆಯೇ ಎತ್ತಿಕೊಡುತ್ತಿದ್ದವು. ಅಂದರೆ ಮಕ್ಕಳ ಒಳಗೆ ಅದು ಇದ್ದೇ ಇದೆ. ಗುಡ್ ಗರ್ಲ್ ಅಂತ ಟಾಫಿ ಕೊಟ್ಟುಕೊಟ್ಟು ನಾವೇ ಅದನ್ನು ವ್ಯಾಪಾರ ಮಾಡಿಬಿಡುತ್ತೇವೆ. ಟಾಫಿಯ ಜಾಗದಲ್ಲಿ ಹೊಗಳಿಕೆ ಇಟ್ಟರೂ ಹುಷಾರಾಗಿರಬೇಕು ಅಂತ ನನ್ನ ಅನುಭವ. ಕೊಟ್ಟ ಮೇಲೆ ಮಗಳು ನಿಮ್ಮ ಮುಖ ನೋಡಿದಳು ಅಂತ ಬರೆದಿದ್ದೀರಲ್ಲ, ನನಗೆ ಅಲ್ಲೇ ಕಣ್ಣು ನಿಂತಿತು.

ಇನ್ನು ಯಾವ ಥರದ ಕಥೆ ಅನ್ನೋದು. ನಾವೆಲ್ಲ ನರಿ, ಮೊಲ, ಆನೆಯ ನೀತಿಕಥೆ ಕೇಳಿಯೇ ದೊಡ್ಡವರಾದವರು. ಟೊರೊಂಟೊದ ಲಾರ್ಸೆನ್, ಲೀ, ಗಾನಿಯಾ ಸೇರಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 4ರಿಂದ 6 ವರ್ಷದ ಮಕ್ಕಳಿಗೆ ಹಂಚಿಕೊಳ್ಳುವ ಬಗ್ಗೆ ಒಂದೇ ಕಥೆಯನ್ನು ಎರಡು ರೀತಿ ತೋರಿಸಿದರು. ಒಂದರ ಚಿತ್ರಗಳಲ್ಲಿ ಮನುಷ್ಯರು, ಇನ್ನೊಂದರಲ್ಲಿ ಬಟ್ಟೆ ಹಾಕಿದ ಪ್ರಾಣಿಗಳು. ಓದಿದ ಮೇಲೆ ಮಕ್ಕಳಿಗೆ ತಮ್ಮ ಸ್ಟಿಕ್ಕರ್‌ಗಳನ್ನು ಇನ್ನೊಂದು ಮಗುವಿಗೆ ಕೊಡುವ ಅವಕಾಶ ಇಟ್ಟರು. ಮನುಷ್ಯರ ಕಥೆ ಕೇಳಿದವರು ಜಾಸ್ತಿ ಕೊಟ್ಟರು. ಪ್ರಾಣಿಗಳ ಕಥೆ ಕೇಳಿದವರು ಹಾಗೆ ಕೊಡಲಿಲ್ಲ. ಪ್ರಾಣಿಯ ಕಥೆ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ, ಅವು ಮಕ್ಕಳಿಗೆ ಪ್ರಾಣ. ಆದರೆ ನೆರೆಮನೆಯವರ ಜೊತೆ ಹೇಗಿರಬೇಕು ಅಂತ ಮಾತಾಡಬೇಕಾದರೆ ನೆರೆಮನೆ ಇರುವ ಪುಸ್ತಕವೇ ಬೇಕು.

ಮತ್ತೊಂದು 2014ರದ್ದು. ಕಾಂಗ್ ಲೀ ಅವರ ತಂಡದ್ದು. 3ರಿಂದ 7 ವರ್ಷದ ಮಕ್ಕಳ ಸುಳ್ಳಿನ ಮೇಲೆ ಕಥೆಗಳ ಪರಿಣಾಮ ನೋಡಿದರು. ಸುಳ್ಳು ಹೇಳಿದ ಹುಡುಗನಿಗೆ ಕೆಟ್ಟದ್ದಾಗುವ ಕಥೆಗಳಿಂದ ಏನೂ ಬದಲಾಗಲಿಲ್ಲ. ನಿಜ ಹೇಳಿ ಅಪ್ಪನ ಮೆಚ್ಚುಗೆ ಪಡೆದ ಹುಡುಗನ ಕಥೆ ಕೇಳಿದ ಮಕ್ಕಳು ನಿಜ ಹೇಳುವುದು ಹೆಚ್ಚಾಯಿತು. ನೀವು ಗಮನಿಸಿರಬಹುದು, ಇಲ್ಲಿ ಮೆಚ್ಚುಗೆ ಕೆಲಸ ಮಾಡಿದೆ! ಅದಕ್ಕೇ ಮೆಚ್ಚುಗೆ ಬೇಡವೇ ಬೇಡ ಅನ್ನಲಾರೆ. ಸಂಜೆ ಮಲಗುವಾಗ ಪಕ್ಕದಲ್ಲಿ ಕೂತು "ಅವಳಿಗೆ ಎಷ್ಟು ಖುಷಿಯಾಯಿತು ನೋಡಿದ್ಯಾ" ಅನ್ನುವುದು ಬೇರೆ. ನಾಲ್ಕು ಜನರ ಮುಂದೆ "ನನ್ನ ಮಗಳು ಎಷ್ಟು ಒಳ್ಳೆಯವಳು" ಅನ್ನುವುದು ಬೇರೆ. ಮೊದಲನೆಯದರಲ್ಲಿ ಮಗುವಿನ ಕಣ್ಣು ಇನ್ನೊಬ್ಬರ ಕಡೆ ಹೋಗುತ್ತದೆ.

ಎರಡುಮಕ್ಕಳತಂದೆ, ತುಮಕೂರು

ಮೇಡಂ, ಇದು ನನಗೆ ಗೊತ್ತಿರಲಿಲ್ಲ. ಹಾಗಾದರೆ ಓದುವಾಗ ಏನು ಮಾಡಬೇಕು? ನನಗೆ ಓದಿ ಹೇಳೋಕೆ ಬರಲ್ಲ. ಅಕ್ಷರ ಓದಿ ಮುಗಿಸಿಬಿಡ್ತೀನಿ. ಮಗ ಎದ್ದು ಹೋಗ್ತಾನೆ.

ಮಕ್ಕಳಮಾತು, ಬೆಂಗಳೂರು

ಅಕ್ಷರ ಮುಗಿಸಲೇಬೇಕು ಅಂತಿಲ್ಲ ಸರ್. ಅಮೆರಿಕದ ವೈಟ್‌ಹರ್ಸ್ಟ್ ಅವರ ತಂಡ 1988ರಲ್ಲೇ ತೋರಿಸಿದ್ದು ಇದು. ದೊಡ್ಡವರು ಓದಿ ಮಗು ಕೇಳುವುದಕ್ಕಿಂತ, ದೊಡ್ಡವರು ಕೇಳಿ ಮಗು ಕಥೆ ಹೇಳುವಂತಾದರೆ ಮಾತು ಚೆನ್ನಾಗಿ ಬೆಳೆಯುತ್ತದೆ. ಅವರು ನೋಡಿದ್ದು ಭಾಷೆಯ ಬೆಳವಣಿಗೆಯನ್ನು. ಆದರೆ ದಯೆಗೂ ಬೇಕಾದ್ದು ಮಗುವಿನ ಬಾಯಿಂದ ಬರುವ ಮಾತೇ. ಹೌದು, ಅಲ್ಲ ಅಂತ ಮುಗಿಯುವ ಪ್ರಶ್ನೆ ಬೇಡ. "ಹಂಚಿಕೊಳ್ಳಬೇಕಲ್ವಾ?" ಅಂದರೆ ಎಲ್ಲ ಮಕ್ಕಳೂ ಹೂಂ ಅನ್ನುತ್ತಾರೆ. "ಇವನ ಮುಖ ಯಾಕೆ ಹೀಗಿದೆ?" ಅಂತ ಕೇಳಿ ಸುಮ್ನೆ ಕೂತುಬಿಡಿ. ಆ ಸುಮ್ಮನಿರೋದು ಬಹಳ ಕಷ್ಟ. ಹತ್ತು ಎಣಿಸಿ. ಮಗ ಏನಾದರೂ ಹೇಳೇ ಹೇಳುತ್ತಾನೆ.

ಕಡಲಮಗಳು, ಮಂಗಳೂರು

ಡಬ್ಬಿಯ ಮಾತು ಕೇಳಿ ನಮ್ಮ ಕ್ರಿಸ್ಮಸ್ ನೆನಪಾಯಿತು. ಡಿಸೆಂಬರ್‌ನಲ್ಲಿ ಮನೆಯವರೆಲ್ಲ ಕೂತು ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು ಮಾಡುತ್ತೇವೆ. ಕಿಡಿಯೊ, ಗುಳಿಯೊ, ನೆವ್ರಿ. ತಟ್ಟೆ ತುಂಬಿಸಿ ಬಟ್ಟೆ ಮುಚ್ಚಿ ಅಕ್ಕಪಕ್ಕಕ್ಕೆ ಕಳಿಸುವುದು ಮಕ್ಕಳ ಕೆಲಸ. ದೀಪಾವಳಿಗೆ, ಈದ್‌ಗೆ ಅದೇ ಮನೆಗಳಿಂದ ತಟ್ಟೆ ಬರುತ್ತದೆ. ನನ್ನ ಮಗ ತಟ್ಟೆ ನೋಡಿಯೇ ಇದು ಯಾರ ಮನೆಯದ್ದು ಅಂತ ಹೇಳುತ್ತಾನೆ.

ಆದರೆ ಅಂಗಡಿಯಲ್ಲಿ ಸಿಗುವ ಕ್ರಿಸ್ಮಸ್ ಚಿತ್ರಪುಸ್ತಕಗಳಲ್ಲಿ ಹಿಮ ಬೀಳುತ್ತಿರುತ್ತದೆ, ಚಿಮಣಿ ಇರುತ್ತದೆ. ನಮ್ಮ ಹಂಚಿನ ಮನೆ ಇಲ್ಲ, ಯೇಸು ಹುಟ್ಟಿದ ಕೊಟ್ಟಿಗೆಯ ಹಾಗೆ ಅಂಗಳದಲ್ಲಿ ನಾವು ಕಟ್ಟುವ ಗೋದಲಿ ಇಲ್ಲ, ಪಕ್ಕದ ಮನೆಯ ಬಾಯಮ್ಮನೂ ಇಲ್ಲ. ನಮ್ಮ ಹಬ್ಬದ ಪುಸ್ತಕ ಕನ್ನಡದಲ್ಲಿ ಎಲ್ಲಿ ಸಿಗುತ್ತದೆ?

ಅರಿವುಕೇಂದ್ರ, ಉತ್ತರ ಕನ್ನಡ

ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. 2020ರಲ್ಲಿ ಓದುವ ಬೆಳಕು ಕಾರ್ಯಕ್ರಮ ಶುರುವಾದಾಗಿನಿಂದ ಹಳ್ಳಿಯ ಮಕ್ಕಳಿಗೆ ನಮ್ಮಲ್ಲಿ ಉಚಿತ ಸದಸ್ಯತ್ವ ಇದೆ. ನಿಮ್ಮೂರಿನ ಗ್ರಂಥಾಲಯದಲ್ಲಿ ದಯವಿಟ್ಟು ಕೇಳಿ. ಕೇಳುವವರು ಇದ್ದರೆ ಮಕ್ಕಳ ಪುಸ್ತಕ ಕಪಾಟಿನಿಂದ ಹೊರಗೆ ಬರುತ್ತವೆ.

ಫೋನಿನಲ್ಲಿ ಓದುವುದಾದರೆ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ಅನ್ನುವ ಜಾಲತಾಣ ಇದೆ. 2015ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲೇ ಕಥೆ ಹುಡುಕಬಹುದು. ಮುದ್ರಿಸಿಕೊಳ್ಳಲು, ಅನುವಾದ ಮಾಡಲು, ಅಲ್ಲಿನ ಚಿತ್ರ ಬಳಸಿ ನಿಮ್ಮದೇ ಹೊಸ ಕಥೆ ಬರೆಯಲು ಮುಕ್ತ ಪರವಾನಗಿ ಇದೆ, ಕಥೆ, ಚಿತ್ರ ಬರೆದವರ ಹೆಸರು ಹಾಕಬೇಕು ಅಷ್ಟೇ. ಚೆನ್ನೈನ ತೂಲಿಕಾ ಪ್ರಕಾಶನದ ಚಿತ್ರಪುಸ್ತಕಗಳು ಕನ್ನಡದಲ್ಲೂ ಬರುತ್ತವೆ. ನ್ಯಾಷನಲ್ ಬುಕ್ ಟ್ರಸ್ಟ್‌ನವು ಬೆಲೆ ಕಡಿಮೆ.

ಆದರೆ ಮಂಗಳೂರಿನ ಅಕ್ಕ ಕೇಳಿದಂಥ ಕುಸ್ವಾರ್ ತಟ್ಟೆಯ ಪುಸ್ತಕ ನನ್ನ ಕಪಾಟಿನಲ್ಲೂ ಇಲ್ಲ. ಯಾರಾದರೂ ಬರೆಯಬೇಕು.

ಮೇಷ್ಟ್ರು, ಗದಗ ಜಿಲ್ಲೆ

ಮಕ್ಕಳಿಂದಲೇ ಬರೆಸಿ ಅಕ್ಕಾ! ನಾವು ರೊಟ್ಟಿ ಹಬ್ಬದ ಪುಸ್ತಕ ಮಾಡಿದ್ದು ಹಾಗೆ. ಡ್ರಾಯಿಂಗ್ ಹಾಳೆ ಮಡಚಿ ನಡುವೆ ದಾರ ಹೊಲಿದೆವು. ಪುಟಕ್ಕೊಂದು ಮನೆ. ಪ್ರತಿ ಮನೆಯಲ್ಲಿ ರೊಟ್ಟಿ ಕೊಟ್ಟವರ ಹೆಸರು, ಜೊತೆಗಿದ್ದ ಪಲ್ಯದ ಹೆಸರು. ಒಬ್ಬ ಹುಡುಗಿ "ಇವರ ಮನೆಗೆ ನಾವು ಹೋಗೋದಿಲ್ಲರೀ" ಅಂತ ಒಂದು ಮನೆ ಬಿಟ್ಟಳು. ಯಾಕೆ ಅಂತ ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ನಮಗೆ, ದೊಡ್ಡವರಿಗೆ, ಗೊತ್ತಿತ್ತು. ಆ ಪುಟವನ್ನು ಖಾಲಿ ಬಿಟ್ಟು ಪುಸ್ತಕ ಹೊಲಿದೆವು. ಮುಂದಿನ ವರ್ಷ ಆ ಹುಡುಗಿಯೇ ಆ ಮನೆಗೆ ಹೋಗಿ ರೊಟ್ಟಿ ತಂದು, ಖಾಲಿ ಪುಟದಲ್ಲಿ ಚಿತ್ರ ಬರೆದಳು. ಅವರಪ್ಪ ಶಾಲೆಗೆ ಬಂದು ನನ್ನ ಜೊತೆ ಜೋರಾಗಿ ಮಾತಾಡಿದರು. ಪುಸ್ತಕ ಇನ್ನೂ ನಮ್ಮ ತರಗತಿಯ ದಾರಕ್ಕೆ ನೇತಾಡುತ್ತಿದೆ.

ದೂರದೂರು, ಕ್ವೀನ್ಸ್, ನ್ಯೂಯಾರ್ಕ್

ಇಲ್ಲಿ ಕೂತು ಓದುತ್ತಿದ್ದೇನೆ. ನಮ್ಮ ಕಥೆ ತಿರುಗಾಮುರುಗಾ. ಮಗನ ಶಾಲೆಯ ಗ್ರಂಥಾಲಯದಲ್ಲಿ ಡಿಸೆಂಬರ್ ಬಂತೆಂದರೆ ರಜೆಯ ಪುಸ್ತಕಗಳನ್ನು ಸಾಲಾಗಿ ಜೋಡಿಸುತ್ತಾರೆ. ಕ್ರಿಸ್ಮಸ್, ಯಹೂದಿಗಳ ಹನುಕ್ಕಾ, ಆಫ್ರಿಕನ್ ಅಮೆರಿಕನ್ನರ ಕ್ವಾಂಜಾ. ದೀಪಾವಳಿಯದು ಮೊದಲು ಒಂದೇ ಇತ್ತು, ಈಗ ಜಾಸ್ತಿ ಇವೆ. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗೆ ದೀಪಾವಳಿ ರಜೆ ಅಂತ 2023ರಲ್ಲಿ ಕಾನೂನೇ ಆಯಿತು.

ರುಡೀನ್ ಸಿಮ್ಸ್ ಬಿಷಪ್ ಅನ್ನುವ ವಿದ್ವಾಂಸೆ 1990ರಲ್ಲಿ ಮಕ್ಕಳ ಪುಸ್ತಕವನ್ನು ಕನ್ನಡಿಗೂ ಕಿಟಕಿಗೂ ಹೋಲಿಸಿ ಬರೆದರು. ಇಲ್ಲಿನ ಟೀಚರ್‌ಗಳು ಅದನ್ನು ಆಗಾಗ ನೆನೆಯುತ್ತಾರೆ. ಮಗು ತನ್ನನ್ನು ನೋಡಿಕೊಳ್ಳುವ ಪುಸ್ತಕವೂ ಬೇಕು, ಬೇರೆಯವರನ್ನು ನೋಡುವ ಪುಸ್ತಕವೂ ಬೇಕು. ಮೇಷ್ಟ್ರು ಬರೆದ ಬರಿಗಾಲಿನ ಹುಡುಗನ ವಿಷಯ ಓದಿದಾಗ ನನಗೆ ಅದೇ ನೆನಪಾಯಿತು. ಆ ಮಕ್ಕಳಿಗೆ ಸಿಕ್ಕಿದ್ದು ಕನ್ನಡಿಯೇ, ಆದರೆ ಎಂಥಾ ಕನ್ನಡಿ.

ನನ್ನ ಮಗನಿಗೆ ನಾಲ್ಕು ವರ್ಷವಿದ್ದಾಗ ಪಕ್ಕದ ಮನೆಯ ಅಜ್ಜಿ ಹನುಕ್ಕಾ ಪುಸ್ತಕ ಓದಿ ಹೇಳಿ, ಆಲೂಗಡ್ಡೆಯ ಲಾಟ್ಕೆ ಕೊಟ್ಟು ಕಳಿಸಿದ್ದರು. ನಾನು ತಟ್ಟೆ ತೊಳೆದು ಎಳ್ಳುಂಡೆ ಹಾಕಿ ಕೊಟ್ಟೆ. ಖಾಲಿ ಕಳಿಸಬಾರದು ಅನ್ನೋದು ಇಲ್ಲಿಗೂ ನನ್ನ ಜೊತೆ ಬಂದಿದೆ. ಅಜ್ಜಿ ಈಗ ಇಲ್ಲ. ಆ ನೀಲಿ ತಟ್ಟೆ ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು.

ಹೊಳೆದಂಡೆ, ತೀರ್ಥಹಳ್ಳಿ

ಸಕ್ಕರೆಅಚ್ಚು ಅಕ್ಕ, ಮುಂದೇನಾಯಿತು? ಮಗಳ ಕೈಲಿ ಸಾರಿ ಹೇಳಿಸಿದಿರಾ?

ಮಕ್ಕಳಮಾತು, ಬೆಂಗಳೂರು

ಹೇಳಿಸುವ ಮೊದಲು ದೊಡ್ಡವರು ದೊಡ್ಡವರ ಹತ್ತಿರ ಮಾತಾಡುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ಮಗಳು ಆ ಹೊತ್ತಿಗೆ ಅಲ್ಲೇ ಇರಲಿ, ಕೇಳಿಸಿಕೊಳ್ಳಲಿ.

ಸಕ್ಕರೆಅಚ್ಚು, ಮೈಸೂರು

ಹನ್ನೆರಡು ದಿನ ಆದಮೇಲೆ ಬರೆಯುತ್ತಿದ್ದೇನೆ.

ಮೊದಲು ನಾನು ಅಕ್ಕನ ಜೊತೆ ಮಾತಾಡಿದೆ. ಮಗಳು ಪಕ್ಕದಲ್ಲೇ ಇದ್ದಳು. "ಅವತ್ತು ನಮ್ಮಿಂದ ತಪ್ಪಾಯಿತು" ಅಂದೆ. ಅಕ್ಕ "ಅಯ್ಯೋ ಮಕ್ಕಳು ಬಿಡಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು "ಮನೆಗೆ ಹೋಗಿ ಅತ್ತಳು" ಅಂದರು. ಮಗಳು ಇದನ್ನು ಕೇಳಿಸಿಕೊಂಡಳು. ಆ ದಿನ ಅವಳು ಏನೂ ಮಾತಾಡಲಿಲ್ಲ.

ಎರಡು ದಿನ ಬಿಟ್ಟು ಅದೇ ಪುಸ್ತಕ ತೆಗೆದೆ. ಈ ಸಲ ನಾನು ಓದಲಿಲ್ಲ. ಲಂಗ ಕೊಡುವ ಪುಟ ತೆಗೆದು "ಇವಳು ಏನು ಯೋಚನೆ ಮಾಡ್ತಿದ್ದಾಳೆ?" ಅಂತ ಕೇಳಿ ಹತ್ತು ಎಣಿಸಿದೆ. ಮಗಳು ಕೊಡುವ ಹುಡುಗಿಯ ಬಗ್ಗೆ ಶುರು ಮಾಡಿದಳು. ನಾನು ಇನ್ನೊಬ್ಬಳನ್ನು ತೋರಿಸಿದೆ. ತುಂಬಾ ಹೊತ್ತು ನೋಡಿ "ಅಮ್ಮ, ಇವಳ ಹೆಸರೇ ಇಲ್ಲ" ಅಂದಳು. ಆಮೇಲೆ ಅವಳೇ ಒಂದು ಹೆಸರಿಟ್ಟಳು. ಅಕ್ಕನ ಮಗಳ ಹೆಸರನ್ನೇ ಇಟ್ಟಳು. "ಇವಳಿಗೆ ಲಂಗ ಬೇಡ ಇತ್ತು ಅನ್ಸುತ್ತೆ. ಆಟಕ್ಕೆ ಸೇರಿಸ್ಕೊಳ್ಳಿ ಅಂತ ಬಂದಿದ್ಲು" ಅಂದಳು. ನಾನು ಏನೂ ಸೇರಿಸಲಿಲ್ಲ.

ಮೊನ್ನೆ ಭಾನುವಾರ ಅಕ್ಕನ ಮನೆಗೆ ನಾವು ಹೋದೆವು. ಎಂಟು ವರ್ಷದಿಂದ ಅವರು ನಮ್ಮ ಮನೆಗೆ ಬರುತ್ತಿದ್ದಾರೆ, ನಾನು ಅವರ ಮನೆ ನೋಡಿದ್ದು ಇದೇ ಮೊದಲು. ಅಕ್ಕ ಅವಲಕ್ಕಿ ಒಗ್ಗರಣೆ ಹಾಕಿ ಕೊಟ್ಟರು. ಮಕ್ಕಳು ಮೊದಲು ಮಾತಾಡಲಿಲ್ಲ. ಆಮೇಲೆ ಆ ಹುಡುಗಿ ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆ ಬರೆದು ನನ್ನ ಮಗಳಿಗೆ ಹೇಗೆ ಆಡುವುದು ಅಂತ ಹೇಳಿಕೊಟ್ಟಳು. ನನ್ನ ಮಗಳಿಗೆ ಕುಂಟಿಕೊಂಡು ನಿಲ್ಲಲೂ ಬರುತ್ತಿರಲಿಲ್ಲ. ಎಷ್ಟು ಸಲ ಬಿದ್ದರೂ ಆ ಹುಡುಗಿ ನಗಲಿಲ್ಲ. ಕೈ ಹಿಡಿದುಕೊಂಡು ನಿಲ್ಲಿಸಿದಳು.

ಮಗಳು ಆ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಹೊರಡುವಾಗ ತೆಗೆದು "ಇದರಲ್ಲಿ ನಿನ್ನ ಹೆಸರಿದೆ" ಅಂತ ಕೊಟ್ಟಳು. ಆ ಹುಡುಗಿ ಪುಟ ತಿರುಗಿಸಿ ಹುಡುಕುತ್ತಲೇ ಒಳಗೆ ಹೋದಳು. ಗ್ರಂಥಾಲಯಕ್ಕೆ ವಾಪಸ್ ಕೊಡಲು ಇನ್ನು ಐದು ದಿನ ಇದೆ. ಇವತ್ತು ಬೆಳಿಗ್ಗೆ ಅಕ್ಕನನ್ನು ಕೇಳಿದೆ. "ಇನ್ನೂ ಓದ್ತಾ ಇದ್ದಾಳೆ" ಅಂದರು.